ಹೈಪೋ ಕ್ಯಾನಿಗೆ ಆಸಿಡ್ ಬಿತ್ತು, ಈಗೇನು ಮಾಡೋದು?

ಓದುಗರ ಪ್ರಶ್ನೆ: ನಮಸ್ಕಾರ ಸಾರ್. ನಾನು ಪೀಣ್ಯದ ಒಂದು ಸಣ್ಣ ಜಿಂಕ್ ಪ್ಲೇಟಿಂಗ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಒಟ್ಟು ಹನ್ನೊಂದು ಜನ ಇದ್ದೇವೆ. ನಮ್ಮದು ಸಯನೈಡ್ ಬಾತ್, ಅಂದರೆ ಸಯನೈಡ್ ದ್ರಾವಣದ ಪ್ಲೇಟಿಂಗ್ ತೊಟ್ಟಿ. ಶೆಡ್ಡಿನ ಹಿಂದೆ 10 ಅಡಿ ಅಗಲ, 15 ಅಡಿ ಉದ್ದದ ಒಂದು ರೂಮಿದೆ. ಇಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ) ಬೇಕಾದ ಹೈಪೋ (ಸೋಡಿಯಂ ಹೈಪೋಕ್ಲೋರೈಟ್), ಪಿಕ್ಲಿಂಗ್‌ಗೆ (ತುಕ್ಕು ತೆಗೆಯಲು) ಬೇಕಾದ ಹೈಡ್ರೋಕ್ಲೋರಿಕ್ ಆಸಿಡ್, ಕಾಸ್ಟಿಕ್ ಸೋಡಾ ಎಲ್ಲ ಅಲ್ಲೇ. ಸಯನೈಡ್ ಮಾತ್ರ ಬೇರೆ ಕಡೆ ಬೀಗ ಹಾಕಿ ಇಟ್ಟಿದ್ದೇವೆ. ಮೊನ್ನೆ ಗುರುವಾರ ಒಬ್ಬ ಹೆಲ್ಪರ್ ಹುಡುಗ ಕ್ಯಾನ್ ಜೋಡಿಸುತ್ತಾ, ತಳದಲ್ಲಿ ಉಳಿದಿದ್ದ ಆಸಿಡ್ಡನ್ನು ಅರ್ಧ ಖಾಲಿಯಾಗಿದ್ದ ಹೈಪೋ ಕ್ಯಾನಿಗೆ ಸುರಿದುಬಿಟ್ಟ. ಅರ್ಧ ಲೀಟರ್ ಇದ್ದಿರಬಹುದು. ಬುಸ್ ಅಂತ ಹಳದಿ ಹಸಿರು ಹೊಗೆ ಬಂತು. ಅವನೂ ಪಕ್ಕದಲ್ಲಿದ್ದ ಇನ್ನೊಬ್ಬನೂ ಕೆಮ್ಮುತ್ತಾ ಓಡಿ ಬಂದರು. ಹಾಲು, ಬೆಲ್ಲ ಕೊಟ್ಟೆವು. ಸಂಜೆಗೆ ಸರಿಹೋದರು. ಆದರೆ ಪಕ್ಕದಲ್ಲಿದ್ದವನಿಗೆ ರಾತ್ರಿ ಉಸಿರು ಕಟ್ಟಿದ ಹಾಗಾಗಿ ಕ್ಲಿನಿಕ್‌ಗೆ ಹೋಗಿದ್ದನಂತೆ. ಈಗಲೂ ಕೆಮ್ಮು ಇದೆ. ನಮ್ಮ ಓನರ್ "ಹೈಪೋ ಅಂದ್ರೆ ಕ್ಷಾರ, ಆಸಿಡ್ ಅಂದ್ರೆ ಆಮ್ಲ, ಎರಡೂ ಸೇರಿದ್ರೆ ಉಪ್ಪು ನೀರಾಗುತ್ತೆ, ಶಾಲೇಲಿ ಓದಿಲ್ವಾ, ಸುಮ್ನೆ ಹೆದರಬೇಡಿ" ಅನ್ನುತ್ತಾರೆ. ಹುಡುಗನ ಸಂಬಳದಲ್ಲಿ ಹಿಡಿಯುತ್ತಾರಂತೆ. ಇರೋ ಒಂದೇ ರೂಮಿನಲ್ಲಿ ಇವನ್ನೆಲ್ಲ ಹೇಗೆ ಇಡಬೇಕು? ಆ ಕ್ಯಾನಿಗೆ ಮುಚ್ಚಳ ಬಿಗಿದು ಶೆಡ್ಡಿನ ಹಿಂದೆ ಇಟ್ಟಿದ್ದೇವೆ.

ಉತ್ತರ: ಎಲ್ಲಕ್ಕಿಂತ ಮೊದಲು ಆ ಕ್ಯಾನಿನ ವಿಷಯ. ನೀವು ಅದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಜಾಸ್ತಿ ಗಾಬರಿಯಾಗಿದ್ದು ಅದನ್ನು ಓದಿದಾಗಲೇ. ಒಳಗೆ ಇನ್ನೂ ಕ್ಲೋರಿನ್ ಕರಗಿಕೊಂಡಿರುತ್ತದೆ. ಬಿಸಿಲು ಬಿದ್ದು ಕ್ಯಾನ್ ಕಾದರೆ ಅದು ಮೇಲೆ ಬಂದು ಒತ್ತಡ ಹಾಕುತ್ತದೆ. ಬಿಗಿದ ಮುಚ್ಚಳ ಅದನ್ನು ತಡೆಯುವುದಿಲ್ಲ, ಕೂಡಿಡುತ್ತದೆ ಅಷ್ಟೇ. ಯಾರೂ ಅದನ್ನು ಎತ್ತುವುದು, ಅಲ್ಲಾಡಿಸುವುದು, "ನೋಡೋಣ ಏನಾಗಿದೆ" ಅಂತ ಮುಚ್ಚಳ ತಿರುಗಿಸುವುದು ಬೇಡ. ನೀರೂ ಹಾಕಬೇಡಿ, ಕಾಸ್ಟಿಕ್ಕೂ ಹಾಕಬೇಡಿ. ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡಿ. ನಿಮಗೆ ಹೈಪೋ ಸಪ್ಲೈ ಮಾಡುವವರಿಗೆ ಇವತ್ತೇ ಫೋನ್ ಮಾಡಿ, ಕ್ಯಾನ್ ಸಂಭಾಳಿಸಲು ಗೊತ್ತಿರುವ ತಾಂತ್ರಿಕ ಸಿಬ್ಬಂದಿಯನ್ನೇ ಕಳಿಸಿ ಎಂದು ಕೇಳಿ. ಕ್ಯಾನ್ ಉಬ್ಬಿದ್ದರೆ ಅಥವಾ ವಾಸನೆ ಬರುತ್ತಿದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಅಗ್ನಿಶಾಮಕ ದಳದವರ ಹತ್ತಿರ ಗಾಳಿ ಸಿಲಿಂಡರ್ ಇರುವ ಉಸಿರಾಟದ ಸೆಟ್ ಇರುತ್ತದೆ, ನಿಮ್ಮ ಹತ್ತಿರ ಇಲ್ಲ. ಕ್ಯಾನ್ ತೆರೆಯುವ ಕೆಲಸ ಅಂಥ ಸೆಟ್ ಹಾಕಿಕೊಂಡವರದು.

ಎರಡನೆಯದು ಕೆಮ್ಮುತ್ತಿರುವ ಹುಡುಗ. ಅವನನ್ನು ಇವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಯೂನಿಟ್ ಇಎಸ್‌ಐ ವ್ಯಾಪ್ತಿಗೆ ಬರುತ್ತದೆ, ಕಾರ್ಡ್ ಮಾಡಿಸಿದ್ದರೆ ಖರ್ಚಿನ ಚಿಂತೆಯೂ ಇಲ್ಲ. ಡಾಕ್ಟರ ಮುಂದೆ "ಕೆಮ್ಮು" ಅಂತಷ್ಟೇ ಹೇಳಿದರೆ ಕೆಮ್ಮಿನ ಸಿರಪ್ ಬರೆದುಕೊಡುತ್ತಾರೆ. "ಹೈಪೋಗೆ ಆಸಿಡ್ ಬಿದ್ದು ಕ್ಲೋರಿನ್ ಗ್ಯಾಸ್ ಬಂತು, ಗುರುವಾರ, ಇಷ್ಟು ಹೊತ್ತು ಉಸಿರಾಡಿದ" ಅಂತ ಪೂರ್ತಿ ಹೇಳಿ. ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಕ್ಲೋರಿನ್ ಗಂಟಲಿನ, ಶ್ವಾಸನಾಳದ ಒದ್ದೆ ಪದರಕ್ಕೆ ತಾಗಿದಾಗ ಅಲ್ಲೇ ಆಮ್ಲವಾಗಿ ಸುಡುತ್ತದೆ. ಮೊದಲ ಉರಿ ಇಳಿದ ಮೇಲೆ ಮನುಷ್ಯ ಸರಿಹೋದ ಹಾಗೆ ಕಾಣುತ್ತಾನೆ. ಆದರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹಲವು ಗಂಟೆ ತಡವಾಗಿ ಶುರುವಾಗುತ್ತದೆ. ನಿಮ್ಮವನಿಗೆ ರಾತ್ರಿ ಉಸಿರು ಕಟ್ಟಿದ್ದು ಇದೇ ದಾರಿಯ ಸೂಚನೆ ಇರಬಹುದು. ಅಷ್ಟು ದೂರ ಹೋಗದಿದ್ದರೂ, ಇಂಥ ಒಂದೇ ಘಟನೆಯಿಂದ ತಿಂಗಳುಗಟ್ಟಲೆ ಉಬ್ಬಸ ಅನುಭವಿಸಿದವರಿದ್ದಾರೆ. ಸುರಿದವನನ್ನೂ ಜೊತೆಗೇ ಕರೆದುಕೊಂಡು ಹೋಗಿ, ಅವನು "ನಂಗೇನಾಗಿಲ್ಲ ಅಣ್ಣ" ಅಂದರೂ ಸರಿ.

ಇವೆರಡು ಮುಗಿಸಿ ಬಂದು ಮುಂದಿನದನ್ನು ಓದಿ.

ನಿಮ್ಮ ಓನರ್ ಹೇಳಿದ್ದು ಅರ್ಧ ಸರಿ. ಕಾಸ್ಟಿಕ್‌ಗೆ ಆಸಿಡ್ ಹಾಕಿದರೆ ಉಪ್ಪು, ನೀರು ಆಗುವುದು ನಿಜ. ಸಿಕ್ಕಾಪಟ್ಟೆ ಬಿಸಿಯೂ ಆಗುತ್ತದೆ, ಅದನ್ನು ಶಾಲೆಯಲ್ಲಿ ಒತ್ತಿ ಹೇಳುವುದಿಲ್ಲ. ಆದರೆ ಹೈಪೋ ಬರೀ ಕ್ಷಾರ ಅಲ್ಲ. ಕ್ಲೋರಿನ್ ಗ್ಯಾಸನ್ನು ಕಾಸ್ಟಿಕ್ ನೀರಿಗೆ ಹಾಯಿಸಿ ಕಟ್ಟಿಹಾಕಿದರೆ ಬರುವುದೇ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಆ ಕ್ಷಾರ ಇರುವ ತನಕ ಕ್ಲೋರಿನ್ ದ್ರವದ ಒಳಗೆ ಸುಮ್ಮನೆ ಕೂತಿರುತ್ತದೆ. ಆಸಿಡ್ ಬಂದು ಕ್ಷಾರವನ್ನು ತಿಂದುಹಾಕಿದ ಕೂಡಲೇ ಕಟ್ಟು ಬಿಚ್ಚುತ್ತದೆ. ಅವರು ಹೇಳಿದ ಉಪ್ಪೂ ಆಗುತ್ತದೆ, ನೀರೂ ಆಗುತ್ತದೆ, ಜೊತೆಗೆ ಕ್ಲೋರಿನ್ ಹೊರಗೆ ಬರುತ್ತದೆ.

ಎಷ್ಟು ಬರುತ್ತದೆ ಅನ್ನುವುದನ್ನು ಓನರ್ ಮುಂದೆ ಕೂತು ಲೆಕ್ಕ ಹಾಕಿ. ಅಂಗಡಿಯಿಂದ ಬರುವ ಹೈಪೋ ಸಾಮಾನ್ಯವಾಗಿ 10ರಿಂದ 12 ಪರ್ಸೆಂಟ್. ಸಾಕಷ್ಟು ಆಸಿಡ್ ಬಿದ್ದರೆ ಒಂದು ಲೀಟರ್ ಹೈಪೋದಿಂದ ಸುಮಾರು 35ರಿಂದ 40 ಲೀಟರ್ ಕ್ಲೋರಿನ್ ಗ್ಯಾಸ್ ಏಳುತ್ತದೆ. ನಿಮ್ಮ ರೂಮು 10 ಅಡಿ ಎತ್ತರ ಅಂದುಕೊಳ್ಳೋಣ. ಅದರಲ್ಲಿರುವ ಗಾಳಿ ಸುಮಾರು 42,000 ಲೀಟರ್. ಗಾಳಿಯಲ್ಲಿ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ) ಕ್ಲೋರಿನ್ ಇದ್ದರೆ ಅದು ಜೀವಕ್ಕೆ ತಕ್ಷಣದ ಅಪಾಯ ಅಂತ ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯೋಶ್ ಸಂಸ್ಥೆ ಗೆರೆ ಎಳೆದಿದೆ. 10 ಪಿಪಿಎಂ ಅಂದರೆ ನಿಮ್ಮ ರೂಮಿನಲ್ಲಿ ಅರ್ಧ ಲೀಟರಿಗಿಂತ ಕಡಿಮೆ ಗ್ಯಾಸ್. ಅಷ್ಟು ಗ್ಯಾಸ್ ಬರಲು ಬೇಕಾದ ಹೈಪೋ ಎಷ್ಟು ಗೊತ್ತಾ? ಎರಡು ಟೀ ಚಮಚ. ನಿಮ್ಮ ಹುಡುಗ ಸುರಿದ ಅರ್ಧ ಲೀಟರ್ ಆಸಿಡ್ ಒಂದು ಲೀಟರಿಗಿಂತ ಜಾಸ್ತಿ ಹೈಪೋವನ್ನು ಬಿಚ್ಚಬಲ್ಲದು. ಬಾಗಿಲು ತೆರೆದಿದ್ದಿರಬೇಕು, ಹುಡುಗರು ನಿಲ್ಲದೆ ಓಡಿದರು, ಹಾಗಾಗಿ ಉಳಿದರು. ಹೊಗೆಯನ್ನು ನಿಲ್ಲಿಸಲು ಹೋಗಿದ್ದರೆ ನೀವು ನನಗೆ ಬೇರೆ ಥರದ ಪತ್ರ ಬರೆಯುತ್ತಿದ್ದಿರಿ.

ಇನ್ನು ಹಾಲು, ಬೆಲ್ಲ. ನಾನು ಈ ಕೆಲಸಕ್ಕೆ ಬಂದ ದಿನದಿಂದ ಕೇಳುತ್ತಾ ಬಂದಿದ್ದೇನೆ. ಹಾಲು ಹೋಗುವುದು ಹೊಟ್ಟೆಗೆ, ಗ್ಯಾಸ್ ಹೋಗಿರುವುದು ಶ್ವಾಸಕೋಶಕ್ಕೆ. ಎರಡೂ ಎಲ್ಲೂ ಭೇಟಿಯಾಗುವುದಿಲ್ಲ. ಗಂಟಲಿಗೆ ಹಿತ ಅನ್ನಿಸಬಹುದು, ಕೊಟ್ಟವರಿಗೂ ಸಮಾಧಾನ. ಆದರೆ ಉಸಿರಿಗೆ ಒದ್ದಾಡುತ್ತಿರುವವನಿಗೆ, ಅರೆಪ್ರಜ್ಞೆಯಲ್ಲಿರುವವನಿಗೆ ಏನನ್ನೂ ಕುಡಿಸಬಾರದು, ಶ್ವಾಸನಾಳಕ್ಕೆ ಇಳಿದರೆ ಇನ್ನೊಂದು ಅನಾಹುತ. ಒದ್ದೆ ಟವೆಲ್ಲೂ ಇದೇ ಸಾಲಿನದು. ಓಡಿ ಹೋಗುವಾಗ ಮೂಗಿಗೆ ಹಿಡಿದುಕೊಂಡರೆ ತಪ್ಪೇನಿಲ್ಲ, ಅದನ್ನು ನಂಬಿ ಒಳಗೆ ಹೋಗಬಾರದು. ಎನ್-95 ಮಾಸ್ಕ್ ಧೂಳಿಗೆ, ಗ್ಯಾಸ್‌ಗೆ ಅಲ್ಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲಕ್ಕೆ ಹರಿಯುತ್ತದೆ, ತಗ್ಗಿನಲ್ಲಿ, ಇಟಿಪಿ ಗುಂಡಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಓಡಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಂಥ ಪ್ರಕರಣ ನೋಡಲು ಹೋದಾಗಲೆಲ್ಲ ಮಾಲೀಕರು ಹೇಳುವುದು ಒಂದೇ: "ಹುಡುಗನಿಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲ". ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಹುಡುಗ ಮಾಡುತ್ತಿದ್ದದ್ದು ಒಪ್ಪ ಮಾಡುವ ಕೆಲಸ. ಎರಡು ಅರೆಬರೆ ಕ್ಯಾನ್ ಇತ್ತು, ಒಂದು ಮಾಡಿದ. ಮನೆಯಲ್ಲಿ ಎಣ್ಣೆ ಡಬ್ಬ ಹಾಗೇ ಅಲ್ವಾ ಮಾಡುವುದು? ಎರಡೂ ನೀಲಿ ಕ್ಯಾನ್ ಇದ್ದಿರಬೇಕು. ನಮ್ಮಲ್ಲಿ ಸಿಗುವ ಮಾಮೂಲಿ ಆಸಿಡ್ ಕಬ್ಬಿಣದ ಅಂಶದಿಂದ ತೆಳು ಹಳದಿ ಇರುತ್ತದೆ, ಹೈಪೋನೂ ತೆಳು ಹಳದಿ. ಲೇಬಲ್ ಕಿತ್ತುಹೋಗಿತ್ತೋ, ಇದ್ದ ಲೇಬಲ್ ಅವನಿಗೆ ಓದಲು ಬರುತ್ತಿರಲಿಲ್ಲವೋ, ವಿಚಾರಿಸಿ ನೋಡಿ. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗನಾದರೆ ಕನ್ನಡ, ಇಂಗ್ಲಿಷ್ ಲೇಬಲ್ ಅವನಿಗೆ ಬರೀ ಗೆರೆ. ತಪ್ಪು ಮಿಶ್ರಣ ಆಗುವುದು ಸುರಿಯುವ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ಕಣ್ಣು, ಕೈಗೆ ಎರಡೂ ಒಂದೇ ಥರ ಕಂಡರೆ ಎಂಥ ಜಾಣನೂ ಎಡವುತ್ತಾನೆ.

ಕೆಮಿಸ್ಟ್ರಿ ಚೆನ್ನಾಗಿ ಗೊತ್ತಿದ್ದ ಕಡೆಯೂ ಇದೇ ಆಗಿದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಅಚಿಸನ್ ಊರಿನ ಒಂದು ಫ್ಯಾಕ್ಟರಿ. 2016ರ ಅಕ್ಟೋಬರ್ 21. ಸಲ್ಫ್ಯೂರಿಕ್ ಆಸಿಡ್ ಟ್ಯಾಂಕರ್ ಬಂತು. ಆಸಿಡ್ ತುಂಬುವ ಪೈಪಿನ ಬಾಯಿ, ಹೈಪೋ ತುಂಬುವ ಪೈಪಿನ ಬಾಯಿ ಒಂದರಿಂದ ಒಂದು ಒಂದೂವರೆ ಅಡಿ ದೂರ. ನೋಡಲು ಒಂದೇ ಥರ. ಡ್ರೈವರ್ ಹೋಸನ್ನು ಹೈಪೋ ಪೈಪಿಗೆ ಜೋಡಿಸಿದ. ಸುಮಾರು 15,000 ಲೀಟರ್ ಆಸಿಡ್ ಸುಮಾರು 22,000 ಲೀಟರ್ ಹೈಪೋ ಜೊತೆ ಸೇರಿತು. ಹಸಿರು ಮೋಡ ಊರಿನ ಮೇಲೆ ಹರಡಿತು. ಸುಮಾರು 140 ಜನ ಚಿಕಿತ್ಸೆಗೆ ಹೋದರು, ಸಾವಿರಾರು ಜನ ಮನೆ ಬಿಟ್ಟರು ಅಥವಾ ಬಾಗಿಲು ಹಾಕಿಕೊಂಡು ಕೂತರು. ಅಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ತನಿಖೆ ಮಾಡಿ ಬೆರಳಿಟ್ಟಿದ್ದು ಆ ಪೈಪುಗಳ ವಿನ್ಯಾಸ, ಗುರುತು, ಇಳಿಸುವ ಪದ್ಧತಿಯ ಮೇಲೆ. ನಿಮ್ಮ ರೂಮಿನಲ್ಲಿ ಆಗಿದ್ದೂ ಅದೇ, ಪೈಪಿನ ಬದಲು ಕ್ಯಾನ್.

ಹೆಸರೂ ಮೋಸ ಮಾಡುತ್ತದೆ. "ಹೈಪೋ" ಅಂದರೆ ನಿಮಗೆ ಸೋಡಿಯಂ ಹೈಪೋಕ್ಲೋರೈಟ್. ಹಳೇ ಫೋಟೋ ಸ್ಟುಡಿಯೋದವರಿಗೆ, ಕೆಲವು ಲ್ಯಾಬ್‌ಗಳಿಗೆ ಹೈಪೋ ಅಂದರೆ ಸೋಡಿಯಂ ಥಯೋಸಲ್ಫೇಟ್. ಎರಡಕ್ಕೂ ಸಂಬಂಧವೇ ಇಲ್ಲ. ಇನ್ನೂ ತಮಾಷೆ ಅಂದರೆ ಮೊದಲನೆಯದರ ಕ್ಲೋರಿನ್ ತೆಗೆಯಲು ಎರಡನೆಯದನ್ನು ಬಳಸುತ್ತಾರೆ. ನಾನು ಟ್ರೈನಿಯಾಗಿದ್ದಾಗ ಸ್ಟೋರಿಗೆ "ಹೈಪೋ 5 ಕೆಜಿ" ಅಂತ ಚೀಟಿ ಕಳಿಸಿದ್ದೆ. ನನಗೆ ಬೇಕಿದ್ದದ್ದು ಥಯೋಸಲ್ಫೇಟ್ ಹರಳು. ಬಂದಿದ್ದು ಕ್ಯಾನಿನಲ್ಲಿ ಹಳದಿ ನೀರು. ಸುರಿಯುವ ಮುಂಚೆ ಮುಚ್ಚಳ ತೆಗೆದಾಗ ವಾಸನೆ ಬಂತು, ಬಚಾವಾದೆ. ಮುಂದಿದ್ದ ತೊಟ್ಟಿಯಲ್ಲಿ ಇದ್ದದ್ದು ಆಮ್ಲದ ನೀರು. ಅವತ್ತಿನಿಂದ ನಾನು ಹೈಪೋ ಅಂತ ಬರೆಯುವುದಿಲ್ಲ, ಪೂರ್ತಿ ಹೆಸರು ಬರೆಯುತ್ತೇನೆ. ಈ ಉತ್ತರದಲ್ಲಿ ನಿಮ್ಮ ಮಾತನ್ನೇ ಬಳಸಿದ್ದೇನೆ ಅಷ್ಟೇ.

ಸಯನೈಡ್‌ಗೆ ಬೀಗ ಹಾಕಿದ್ದೀರಿ, ಒಳ್ಳೆಯದು. ಆದರೆ ಬೀಗ ಇರುವುದು ಡಬ್ಬಕ್ಕೆ. ಬಾತಿನಿಂದ ಜಾಬ್ (ಪ್ಲೇಟಿಂಗ್ ಮಾಡುವ ಬಿಡಿಭಾಗ) ಎತ್ತಿದಾಗ ತೊಟ್ಟಿಕ್ಕುವ ನೀರಿಗೆ, ತೊಳೆದ ನೀರಿಗೆ ಬೀಗ ಇಲ್ಲವಲ್ಲ. ಸಯನೈಡ್ ನೀರಿಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸಯನೈಡ್ ಬರುತ್ತದೆ. ಅದು ಕ್ಲೋರಿನ್ ಹಾಗೆ ಕೆಮ್ಮಿಸಿ ಓಡಿಸುವ ಗ್ಯಾಸ್ ಅಲ್ಲ. ಕಹಿ ಬಾದಾಮಿ ವಾಸನೆ ಅಂತಾರೆ, ಕೆಲವರ ಮೂಗಿಗೆ ಹುಟ್ಟಿನಿಂದಲೇ ಆ ವಾಸನೆ ಹತ್ತುವುದಿಲ್ಲ. ಬಣ್ಣವಿಲ್ಲ. ನಿಂತವನು ಕುಸಿದ ಮೇಲೇ ಗೊತ್ತಾಗುವುದು. ಹಾಗಾಗಿ ನಿಮ್ಮ ಶೆಡ್ಡಿನ ನೆಲ ನೋಡಿ. ಪಿಕ್ಲಿಂಗ್ ತೊಟ್ಟಿಯ ನೀರು, ಪ್ಯಾಸಿವೇಶನ್ (ಪ್ಲೇಟಿಂಗ್ ಆದ ಮೇಲಿನ ಕ್ರೋಮ್ ಲೇಪ) ನೀರು, ಸಯನೈಡ್ ರಿನ್ಸ್ ನೀರು ಮೂರೂ ಒಂದೇ ಚರಂಡಿಗೆ ಬೀಳುತ್ತಿವೆಯಾ? ಬೀಳುತ್ತಿದ್ದರೆ ಆ ರೂಮಿಗಿಂತ ದೊಡ್ಡ ಅಪಾಯ ಅದು. ಸಯನೈಡ್ ನೀರು ಬೇರೆ ಪೈಪಿನಲ್ಲೇ ಇಟಿಪಿಗೆ ಹೋಗಬೇಕು. ಅಲ್ಲಿ ಸಯನೈಡ್ ನಾಶ ಮಾಡಲು ಹೈಪೋ ಹಾಕುವಾಗ ಪಿಎಚ್ 10ರ ಮೇಲೆ ಇರಬೇಕು. ಕಡಿಮೆಯಾದರೆ ಸಯನೋಜನ್ ಕ್ಲೋರೈಡ್ ಅನ್ನುವ ಇನ್ನೊಂದು ವಿಷ ಗಾಳಿಗೆ ಬರುತ್ತದೆ. ಸಯನೈಡ್ ಪೂರ್ತಿ ಹೋಗಿದೆ ಅಂತ ಪರೀಕ್ಷೆ ಮಾಡಿದ ಮೇಲೆಯೇ ಆಸಿಡ್ ಹಾಕಿ ಪಿಎಚ್ ಇಳಿಸಬೇಕು. ಕ್ರೋಮ್ ನೀರಿಗೆ ಹಾಕುವ ಮೆಟಾಬೈಸಲ್ಫೈಟ್ ಹೈಪೋ ಪಕ್ಕ ಇದ್ದರೆ ಅದನ್ನೂ ದೂರ ಇಡಿ. ಎರಡೂ ಸೇರಿದರೆ ಕುದಿಯುವಷ್ಟು ಬಿಸಿ.

ಚರಂಡಿ ಅಂದಾಗ ಸೂರತ್ ನೆನಪಾಗುತ್ತದೆ. 2022ರ ಜನವರಿ 6ರ ಬೆಳಗಿನ ಜಾವ ಅಲ್ಲಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಟ್ಯಾಂಕರಿನಿಂದ ಕದ್ದು ಮುಚ್ಚಿ ಕೆಮಿಕಲ್ ತ್ಯಾಜ್ಯವನ್ನು ಮೋರಿಗೆ ಬಿಡುತ್ತಿದ್ದರು. ವಿಷದ ಗಾಳಿ ಎದ್ದು ಪಕ್ಕದ ಮಿಲ್ಲಿನಲ್ಲಿದ್ದ ಆರು ಕಾರ್ಮಿಕರು ಸತ್ತರು. ಅವರು ಯಾವ ಕ್ಯಾನನ್ನೂ ಮುಟ್ಟಿರಲಿಲ್ಲ. ಆಸಿಡ್ಡೇ ಬೇಕೆಂದೇನೂ ಇಲ್ಲ. 1984ರಲ್ಲಿ ಭೋಪಾಲದ ಎಂಐಸಿ (ಮೀಥೈಲ್ ಐಸೋಸಯನೇಟ್ ಅನ್ನುವ ವಿಷ) ಟ್ಯಾಂಕಿಗೆ ಸೇರಿದ್ದು ಬರೀ ನೀರು.

ಸರಿ, ಒಂದೇ ರೂಮು, ಏನು ಮಾಡಬಹುದು? ನಾನಾಗಿದ್ದರೆ ಮೊದಲು ಆಸಿಡ್ಡನ್ನು ಆ ರೂಮಿನಿಂದ ಹೊರಗೆ ತರುತ್ತಿದ್ದೆ. ಶೆಡ್ಡಿನ ಇನ್ನೊಂದು ಬದಿಗೆ ಶೀಟು ಹಾಕಿದ ಸಣ್ಣ ಗೂಡು, ಸುತ್ತ ಒಂದು ಅಡಿ ಕಟ್ಟೆ, ಒಳಗೆ ಆಸಿಡ್ ತಡೆಯುವ ಲೈನಿಂಗ್. ಖರ್ಚು ದೊಡ್ಡದಲ್ಲ. ತೊಂದರೆ ಏನೆಂದರೆ ಬಾಡಿಗೆ ಶೆಡ್ಡಿನವರು ಒಪ್ಪಬೇಕು, ಆಸಿಡ್ ಆವಿಗೆ ಅಕ್ಕಪಕ್ಕದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹೊರಗಿದ್ದರೆ ಯಾರು ಬೇಕಾದರೂ ಮುಟ್ಟುತ್ತಾರೆ. ಬೀಗ ಬೇಕು. ಹೈಪೋವನ್ನು ಹೊರಗೆ ಇಡೋಣ ಅಂದರೆ ಬಿಸಿಲಿಗೆ ಅದರ ಶಕ್ತಿ ಇಳಿಯುತ್ತದೆ, ಹಾಗಾಗಿ ಅದು ತಂಪಿನ ರೂಮಿನಲ್ಲೇ ಇರಲಿ. ಅಂದ ಹಾಗೆ ಮಾಮೂಲಿ ಹೈಪೋ ಕೂಡ ನಿಧಾನಕ್ಕೆ ಆಮ್ಲಜನಕ ಬಿಡುತ್ತಿರುತ್ತದೆ. ಗಾಳಿ ಬಿಡುವ ಮುಚ್ಚಳವೇ ಬೇಕು. ಹಿಂದೆ ನಿಕಲ್ ಅಥವಾ ತಾಮ್ರದ ದ್ರಾವಣ ಇದ್ದ ಕ್ಯಾನಿಗೆ ಹೈಪೋ ತುಂಬಿದರಂತೂ ಆ ಹೈಪೋ ಬೇಗ ಬೇಗ ವಿಭಜನೆಯಾಗಿ ಆಮ್ಲಜನಕ ಬಿಡುತ್ತದೆ.

ಹೊರಗೆ ಜಾಗವೇ ಇಲ್ಲ ಅಂದರೆ ಒಂದೇ ರೂಮಿನ ಎರಡು ಮೂಲೆ, ಎರಡಕ್ಕೂ ಬೇರೆ ಬೇರೆ ಕಟ್ಟೆ, ಕಾಸ್ಟಿಕ್ ಬ್ಯಾಗ್ ಆಸಿಡ್ಡಿನಿಂದ ದೂರ. ಕಟ್ಟೆ ಹೇಗಿರಬೇಕೆಂದರೆ ಇರುವುದರಲ್ಲಿ ದೊಡ್ಡ ಕ್ಯಾನ್ ಪೂರ್ತಿ ಸೋರಿದರೂ ಆಚೆ ಹೋಗಬಾರದು. ರೂಮಿನ ಮಧ್ಯೆ ನೀರು ಹೋಗುವ ತೂತು ಇದ್ದರೆ ಮುಚ್ಚಿಸಿ, ಇಲ್ಲದಿದ್ದರೆ ಎರಡು ಕಟ್ಟೆ ಕಟ್ಟಿ ಏನೂ ಪ್ರಯೋಜನವಿಲ್ಲ. ಇದು ಸೋರಿಕೆಗೆ ಉತ್ತರ, ತಪ್ಪಿ ಸುರಿಯುವುದಕ್ಕೆ ಅಲ್ಲ. ಅದಕ್ಕೆ ಬೇಕಾದ್ದು ಬೇರೆ ಮಗ್, ಬೇರೆ ಫನಲ್, ಬೇರೆ ಪಂಪ್, ಬೇರೆ ಬಣ್ಣ. ಸಾಧ್ಯವಾದರೆ ಕ್ಯಾನಿನ ಬಣ್ಣವೇ ಬೇರೆ ತರಿಸಿ, ಸಪ್ಲೈಯರ್‌ಗೆ ಹೇಳಿದರೆ ಕೊಡುತ್ತಾರೆ. ಉಳಿದದ್ದನ್ನು ಯಾವ ಕಾರಣಕ್ಕೂ ಇನ್ನೊಂದು ಕ್ಯಾನಿಗೆ ಸೇರಿಸಬಾರದು ಅನ್ನುವ ಒಂದೇ ನಿಯಮ ನಿಮ್ಮ ಯೂನಿಟ್ಟಿನಲ್ಲಿ ಜಾರಿಗೆ ಬಂದರೂ ಗುರುವಾರದ್ದು ಮರುಕಳಿಸುವುದಿಲ್ಲ. ಆಸಿಡ್‌ಗೆ ಆಸಿಡ್ ಸೇರಿಸುವುದೂ ಬೇಡ. ಒಂದು ಕ್ಯಾನಿನಲ್ಲಿ ನೈಟ್ರಿಕ್ ಇದ್ದರೆ? ನೈಟ್ರಿಕ್ ಮಾತು ಬಂತು ಅಂತ ಹೇಳುತ್ತೇನೆ, ಅದು ಚೆಲ್ಲಿದಾಗ ಮರದ ಹೊಟ್ಟು, ಕಾಟನ್ ವೇಸ್ಟ್ ಹಾಕಿ ಒರೆಸಬೇಡಿ, ಹೊತ್ತಿಕೊಳ್ಳುತ್ತದೆ. ಮರಳು ಹಾಕಿ.

ಕೆಲವರು ಹೈಪೋ ಬದಲು ಬ್ಲೀಚಿಂಗ್ ಪೌಡರ್‌ಗೆ ಹೋಗುತ್ತಾರೆ. ಚೀಲದಲ್ಲಿ ಪುಡಿ ಇದ್ದರೆ ಯಾರೂ ಆಸಿಡ್ ಕ್ಯಾನ್ ಅಂತ ತಪ್ಪು ತಿಳಿಯುವುದಿಲ್ಲ ನಿಜ. ಆದರೆ ಆಸಿಡ್ ಬಿದ್ದರೆ ಅದೂ ಕ್ಲೋರಿನ್ನೇ ಕೊಡುತ್ತದೆ, ಇಟಿಪಿಯಲ್ಲಿ ಕೆಸರು ಜಾಸ್ತಿ. ನನಗೆ ಅದರಲ್ಲಿ ಅಂಥ ಲಾಭ ಕಾಣುವುದಿಲ್ಲ.

ನಿಜವಾದ ಪರಿಹಾರ ಕೇಳಿದರೆ, ಸಯನೈಡ್ ಇಲ್ಲದ ಕ್ಷಾರೀಯ ಜಿಂಕ್ ಬಾತಿಗೆ ಬದಲಾಗಿ. ಸಯನೈಡ್ ಹೋದರೆ ಅದನ್ನು ಕೊಲ್ಲಲು ಬೇಕಿದ್ದ ಹೈಪೋನೂ ಹೋಗುತ್ತದೆ. ಎರಡು ಅಪಾಯ ಒಂದೇ ಏಟಿಗೆ ಗೇಟಿನಾಚೆ. ಸುಲಭ ಅಂತ ನಾನು ಹೇಳುವುದಿಲ್ಲ. ಸಯನೈಡ್ ಬಾತ್ ಜಾಬಿನ ಮೇಲಿನ ಜಿಡ್ಡು, ಕೊಳೆಯನ್ನು ಒಂದಿಷ್ಟು ಕ್ಷಮಿಸುತ್ತದೆ, ಹೊಸ ಬಾತ್ ಕ್ಷಮಿಸುವುದಿಲ್ಲ. ಕ್ಲೀನಿಂಗ್ ಚೆನ್ನಾಗಿ ಆಗಬೇಕು, ಬ್ರೈಟ್‌ನರ್ ಲೆಕ್ಕ ಸರಿ ಇರಬೇಕು, ಮೊದಲ ಕೆಲವು ವಾರ ರಿಜೆಕ್ಷನ್ ಬರುತ್ತದೆ. ಓನರ್ ಬೈಯುತ್ತಾರೆ. ಬದಲಾದ ಯೂನಿಟ್ ಒಂದಕ್ಕೆ ಅವರನ್ನು ಕರೆದುಕೊಂಡು ಹೋಗಿ ತೋರಿಸಿ, ನನ್ನ ಮಾತಿಗಿಂತ ಅದು ಕೆಲಸ ಮಾಡುತ್ತದೆ. ಹಳೇ ಸಯನೈಡ್ ದ್ರಾವಣವನ್ನು ಮಾತ್ರ ನೀವೇ ಖಾಲಿ ಮಾಡಲು ಹೋಗಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಟ್ಟವರಿಗೇ ಕೊಡಿ. ಗುರುವಾರದ ಘಟನೆಯನ್ನು ರಿಜಿಸ್ಟರಿನಲ್ಲಿ ಬರೆಯಿರಿ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ತಿಳಿಸಬೇಕಾ ಅಂತ ಅಲ್ಲಿನ ಅಧಿಕಾರಿಯನ್ನೇ ಕೇಳಿ. ಮುಚ್ಚಿಟ್ಟು ಆಮೇಲೆ ಹುಡುಗನ ಆರೋಗ್ಯ ಕೆಟ್ಟರೆ ಓನರ್‌ಗೇ ಕಷ್ಟ, ಇದನ್ನು ಅವರಿಗೆ ಹಾಗೇ ಹೇಳಿ.

ಸಂಬಳ ಹಿಡಿಯುವ ವಿಷಯ. ದಯವಿಟ್ಟು ಬೇಡ. ಇವತ್ತು ಹಿಡಿದರೆ ಮುಂದಿನ ಸಲ ಚೆಲ್ಲಿದವನು ಮೊದಲು ನೆಲ ಒರೆಸುತ್ತಾನೆ, ಆಮೇಲೆ ಓಡುತ್ತಾನೆ. ಆ ಹುಡುಗ ಡಾಕ್ಟರ್ ಹತ್ತಿರ ಹೋಗಿ ಬಂದು ಗೆಲುವಾದ ಮೇಲೆ ಒಂದು ಡಬ್ಬ ಕೆಂಪು, ಒಂದು ಡಬ್ಬ ಹಳದಿ ಪೇಂಟ್ ತರಿಸಿ ಅವನ ಕೈಗೇ ಕೊಡಿ. ಆಸಿಡ್ ಕ್ಯಾನಿಗೆ ಕೆಂಪು ಪಟ್ಟಿ, ಹೈಪೋ ಕ್ಯಾನಿಗೆ ಹಳದಿ ಪಟ್ಟಿ, ಅವುಗಳ ಮಗ್‌ಗೂ ಫನಲ್‌ಗೂ ಅದೇ ಬಣ್ಣ. ಪಕ್ಕದಲ್ಲಿ ಅವನ ಭಾಷೆಯಲ್ಲಿ ಹೆಸರು, ಅವನೇ ಬರೆಯಲಿ. ಹೊಸಬರು ಬಂದಾಗ ರೂಮು ತೋರಿಸುವ ಕೆಲಸವೂ ಅವನದೇ ಇರಲಿ. ಪೇಂಟ್ ಹಚ್ಚುವುದು ಖಾಲಿ ಮಾಡಿ ತೊಳೆದ ಕ್ಯಾನಿಗೆ, ಹೊರಗೆ ಗಾಳಿಯಲ್ಲಿ. ಆಸಿಡ್ ಕ್ಯಾನ್ ತೊಳೆದ ನೀರು, ಹೈಪೋ ಕ್ಯಾನ್ ತೊಳೆದ ನೀರು ಒಂದೇ ಬಕೆಟ್ಟಿಗೆ ಹೋಗದ ಹಾಗೆ ನೀವು ಅಲ್ಲೇ ನಿಂತು ನೋಡಿ.